ಸೀಟು ಕುಟ್ಟಿದ್ದು

೧೪ ಮೇ ೨೦೨೫, ಬುಧವಾರ

‘ಹೊಲಿದ ಬಟ್ಟೆ ಸೂಜಿಯನ್ನು ನೆನೆಯುವುದಿಲ್ಲ.’

ಹೀಗೇ ಇತ್ತೇ ಆ ಸಾಲು? ಎಂ.ಎ. ಓದುವಾಗ ಹಾಸ್ಟೆಲಿನ ಗೋಡೆಪತ್ರಿಕೆಯಲ್ಲಿ ಯಾರೋ ಹುಡುಗಿ ಹೆಸರು ಹಾಕದೆ ಬರೆದಿದ್ದಳು. ಬೆಳಗ್ಗೆಯಿಂದ ನಾಲಿಗೆಯ ಮೇಲೆ ಆಡುತ್ತಿದೆ. ಒಮ್ಮೆ ‘ನೆನೆಯುವುದಿಲ್ಲ’ ಅನ್ನಿಸುತ್ತದೆ, ಇನ್ನೊಮ್ಮೆ ‘ಮರೆಯುವುದಿಲ್ಲ’. ಎರಡೂ ಲಯಕ್ಕೆ ಕೂರುತ್ತವೆ. ಅರ್ಥ ಮಾತ್ರ ಪೂರ್ತಿ ತಿರುಗಿಬಿಡುತ್ತದೆ. ‘ನೆನೆಯುವುದಿಲ್ಲ’ ಎಂದೇ ಇರಬೇಕು. ಆ ವಯಸ್ಸಿನಲ್ಲಿ ನಾವೆಲ್ಲ ಕ್ಷಮೆಯ ಬಗ್ಗೆಯೇ ಬರೆಯುತ್ತಿದ್ದೆವು.

ಇವತ್ತು ಕೋರ್ಟಿನ ಅಪ್ಪಣೆಯಾಗಿ ಠಾಣೆಯಿಂದ ಕಾರು ಬಂತು. ತಂದು ನಿಲ್ಲಿಸಿದವನು ಡ್ರೈವರ್ ಸೀಟಿನ ಮೇಲೆ ಗೋಣಿಚೀಲ ಹಾಸಿಕೊಂಡು ಕೂತಿದ್ದ. ಇಳಿದವನೇ ಚೀಲವನ್ನು ಬೇಲಿಯಾಚೆ ಎಸೆದು, ನಲ್ಲಿಯಲ್ಲಿ ಕೈ ತೊಳೆದುಕೊಂಡು, ನೀರು ಕೂಡ ಕುಡಿಯದೆ ಹೊರಟ.

ಸೀಟನ್ನು ನೋಡಿದೆ. ಒರಗುವ ಭಾಗದಲ್ಲಿ ಮೇಲಿಂದ ಓರೆಯಾಗಿ ಇಳಿದ ಸೀಳು. ಒಳಗಿನ ಸ್ಪಂಜು ತುಟಿ ಒಡೆದ ಹಾಗೆ ಹೊರಗೆ ಬಂದಿದೆ. ಅದು ಮಚ್ಚಿನದು. ಅದರ ಪಕ್ಕದಲ್ಲಿ ರಕ್ತದ ಮಾದರಿಗೆಂದು ಪೊಲೀಸರು ಕತ್ತರಿಸಿಕೊಂಡ ಒಂದು ಚೌಕ, ಅಳತೆಪಟ್ಟಿ ಇಟ್ಟು ತೆಗೆದಷ್ಟು ನೇರ. ಉಳಿದದ್ದು ಕಪ್ಪು ಕಲೆ.

ಕಳೆದ ತಿಂಗಳು ಈ ಸೀಟಿನಲ್ಲಿ ಇವರು ಕೂತಿದ್ದರು. ರಾಯಲ್ಪಾಡಿನ ಕಡೆಯ ಒಂದು ಹಳ್ಳಿಯ ಡೇರಿಗೆ ಕೆಲಸದ ಮೇಲೆ ಹಾಲು ಪರೀಕ್ಷೆಗೆ ಹೋಗಿದ್ದರು. ಒಬ್ಬ ಹೆಂಗಸಿನ ಹಾಲಿನಲ್ಲಿ ನೀರು ಕಂಡಿತೆಂದು ಸಾಲಿನಲ್ಲಿ ನಿಂತವರೆಲ್ಲರ ಎದುರಿಗೆ ಕ್ಯಾನು ಬಗ್ಗಿಸಿ ಚರಂಡಿಗೆ ಸುರಿದರು. ಕಾರು ಹತ್ತಿ ಹೊರಡುವಷ್ಟರಲ್ಲಿ ಆಕೆಯ ಮಗ ಕದಿರೇಶ ಮನೆಯಿಂದ ಮಚ್ಚು ತಂದು ಕಿಟಕಿಯೊಳಗೆ ಬೀಸಿದ. ಇವರು ಬಲಗೈ ಅಡ್ಡ ಹಿಡಿದರು. ಕೈಯನ್ನು ಸೀಳಿಕೊಂಡು ಉಳಿದ ಏಟು ಸೀಟಿಗೆ ಬಿತ್ತು. ಇವರ ಬಲಗೈ ಬೆರಳುಗಳು ಈಗ ಮಡಚುವುದಿಲ್ಲ. ಕದಿರೇಶ ಜೈಲಿನಲ್ಲಿದ್ದಾನೆ.

ಮಧ್ಯಾಹ್ನ ಕಿಟಕಿಯಿಂದ ಕಾರು ಕಂಡದ್ದೇ ಇವರು ಎಡಗೈಯಲ್ಲಿ ಊಟದ ತಟ್ಟೆ ಎತ್ತಿ ಗೋಡೆಗೆ ಅಪ್ಪಳಿಸಿದರು. “ಅವನ ಕೈ ಕಡಿದು ತಂದು ಈ ತಟ್ಟೇಲಿ ಇಡು. ಆಮೇಲೆ ತಿಂತೀನಿ.”

ನಾನು ಅನ್ನದ ಅಗುಳು ಆರಿಸಿದೆ. ಗೋಡೆಯ ಮೇಲಿನ ಸಾರನ್ನು ಒರೆಸಿದೆ. ಒಬ್ಬರು ಕುದಿಯುವಾಗ ಇನ್ನೊಬ್ಬರು ತಣ್ಣಗಿರಬೇಕು. ನನ್ನಿಂದ ಅದಾಗುತ್ತದೆ.

೧೬ ಮೇ, ಶುಕ್ರವಾರ

ಸೀಟು ರಿಪೇರಿಯ ಅಂಗಡಿಯವನನ್ನು ಕರೆಸಿದ್ದೆ. ಬಾಗಿಲು ತೆಗೆದು ನೋಡಿ ಹಿಂದೆ ಸರಿದ. “ಮನುಷ್ಯರ ರಕ್ತ ಬಿದ್ದಿರೋದನ್ನ ನಮ್ಮ ಮಿಷನ್ ಮೇಲೆ ಹಾಕಲ್ಲಮ್ಮ. ಇದನ್ನ ಸುಟ್ಟಾಕಿ, ಬೇರೆ ಸೀಟೇ ತರ್ತೀನಿ.”

ಸುಡುವುದು ನನಗೆ ಒಪ್ಪಿಗೆಯಾಗಲಿಲ್ಲ. ಕಾಲೇಜು ತೆರೆಯಲು ಇನ್ನೂ ದಿನಗಳಿವೆ, ನಾನೇ ಸರಿಮಾಡುತ್ತೇನೆ. ಫೋನಿನಲ್ಲಿ ನೋಡಿಕೊಂಡು ತಳದ ಬೋಲ್ಟುಗಳನ್ನು ಬಿಚ್ಚಿ ಸೀಟನ್ನು ಹೊರಗೆಳೆದೆ. ಹೆಣ ಎಳೆದ ಹಾಗೆ ಭಾರ. ಬರೆದ ಮೇಲೆ ಈ ಹೋಲಿಕೆ ಬೇಡವಾಗಿತ್ತು ಅನ್ನಿಸಿತು. ಇರಲಿ.

ಪಕ್ಕದ ಮನೆಯ ಆವಲಮ್ಮ ಹಾಲು ಕೊಡಲು ಬಂದವರು ಸೊಂಟದ ಮೇಲೆ ಕೈಯಿಟ್ಟು ನಿಂತರು. ಎರಡು ಹಸು ಕಟ್ಟಿಕೊಂಡು ಒಬ್ಬರೇ ಇರುವ ಹೆಂಗಸು. ಅವರ ಮಾತು ಅರ್ಧ ತೆಲುಗು.

“ಅಬ್ಬ, ಎಂಥ ಏಟು ಹೊಡ್ದವ್ನೆ ನೋಡಿ! ಏನೂ ಪರವಾಗಿಲ್ಲ ಬಿಡಿ ಮೇಡಂ, ಚೆನ್ನಾಗಿ ಕುಟ್ಟಿದ್ರೆ ಸರಿಹೋಗುತ್ತೆ.”

“ಕುಟ್ಟಿದ್ರೆ ಇನ್ನೂ ಹರಿಯೋದಿಲ್ವಾ ಆವಲಮ್ಮ?”

ಆಕೆ ಹಾಲಿನ ಪಾತ್ರೆ ಅಲುಗುವಂತೆ ನಕ್ಕರು. “ಅಯ್ಯೋ ದೇವ್ರೇ! ನಮ್ಮ ತೆಲುಗಲ್ಲಿ ಕುಟ್ಟೋದು ಅಂದ್ರೆ ಹೊಲಿಯೋದು ಮೇಡಂ. ನೀವೇನು ಒನಕೆ ತಂದು ಕುಟ್ಬೇಕು ಅಂದ್ಕೊಂಡ್ರಾ? ಇಷ್ಟು ಓದಿದ್ದೀರಿ, ಈ ಊರಿಗೆ ಬಂದು ವರ್ಷ ಆಯ್ತು, ಇದು ಗೊತ್ತಿಲ್ವಾ?”

ನಾನೂ ನಕ್ಕೆ. ನನ್ನ ತವರು ಮಾಸ್ತಿಯಲ್ಲಿ ಮನೆಮಾತು ಕನ್ನಡ. ತೆಲುಗು ಕಿವಿಗೆ ಬಿದ್ದಿದೆ, ಒಳಗಿಳಿದಿಲ್ಲ. ವರ್ಗವಾಗಿ ಶ್ರೀನಿವಾಸಪುರಕ್ಕೆ ಬಂದ ಮೇಲೂ ಅಷ್ಟೇ. ಆದರೆ ಎಂಥ ಸೊಗಸು! ಒಂದೇ ಮಾತು ಒಂದು ಮನೆಯಲ್ಲಿ ಒನಕೆ, ಪಕ್ಕದ ಮನೆಯಲ್ಲಿ ಸೂಜಿ. ಜಜ್ಜುವುದಕ್ಕೂ ಕೂಡಿಸುವುದಕ್ಕೂ ನಡುವೆ ಇರುವುದು ಒಂದು ಮೋಟುಗೋಡೆ. ಮಕ್ಕಳಿಗೆ ಪಾಠ ಮಾಡುವಾಗ ಇದನ್ನು ಹೇಳಬೇಕು.

“ನಿಮ್ಮ ಹಾಲಿಗೆ ನೀರು ಹಾಕಿದ್ದೀರಾ?” ಎಂದು ಹೋಗುವಾಗ ಕೇಳಿದೆ.

“ಹಾಕ್ದೆ ಇರ್ತೀನಾ? ಸಾರ್‌ಗೆ ಹೇಳ್ಬೇಡಿ, ಚರಂಡಿಗೆ ಸುರಿದಾರು.”

೧೭ ಮೇ, ಶನಿವಾರ

ಕವರನ್ನು ಸೀಟಿಗೆ ಹಿಡಿದಿಟ್ಟಿರುವ ತಂತಿಯ ಬಳೆಗಳನ್ನು ಇಕ್ಕಳದಿಂದ ಒಂದೊಂದಾಗಿ ಕತ್ತರಿಸಿ, ಮೊಲದ ಚರ್ಮ ಸುಲಿದಂತೆ ಕೆಳಗಿನಿಂದ ಮೇಲಕ್ಕೆ ಎಳೆದು ಸುಲಿದೆ. ಸ್ಪಂಜನ್ನು ಉಪ್ಪುನೀರಿನಲ್ಲಿ ಅದ್ದಿ ಹಿಂಡಿದೆ. ಕಾಫಿ ಬಣ್ಣದ ನೀರು ಬಂತು. ಮತ್ತೆ ಅದ್ದಿದೆ, ಮತ್ತೆ ಬಂತು. ಇವರ ಮೈಯಲ್ಲಿ ಇಷ್ಟೊಂದು ಇತ್ತೇ ಎಂದು ಬೆರಗಾಯಿತು. ಮೊಣಕಾಲೂರಿ ಒತ್ತಿದೆ. ನೀರು ತಿಳಿಯಾಗುವ ತನಕ ಬಿಡಬಾರದು ಎಂದುಕೊಂಡಿದ್ದೆ. ಅದು ತಿಳಿಯಾಗಲೇ ಇಲ್ಲ.

ಆ ನೀರನ್ನು ಎಲ್ಲಿ ಚೆಲ್ಲುವುದು? ಚರಂಡಿಗೆ ಮನಸ್ಸಾಗಲಿಲ್ಲ. ದಾಸವಾಳದ ಬುಡಕ್ಕೆ ಹಾಕಿದೆ.

೨೧ ಮೇ, ಬುಧವಾರ

ಪೊಲೀಸರ ಚೌಕಕ್ಕೆ ತೇಪೆ ಬೇಕಿತ್ತು. ಓದುವ ದಿನಗಳ ನನ್ನ ಕಪ್ಪು ರೆಗ್ಜಿನ್ ಚೀಲ ಅಟ್ಟದಲ್ಲಿತ್ತು. ಅದರಲ್ಲಿ ಕವಿತೆಯ ಪುಸ್ತಕಗಳು ತಿರುಗುತ್ತಿದ್ದವು. ಅದನ್ನೇ ಕತ್ತರಿಸಿದೆ. ಸೀಟು ಬೂದು, ತೇಪೆ ಕಪ್ಪು. ಕಂಡರೆ ಕಾಣಲಿ.

ಸೀಳನ್ನು ಹೊಲಿಯುವುದು ಕಷ್ಟ. ಎರಡೂ ಅಂಚಿನ ಒಳಮಗ್ಗುಲಲ್ಲಿ ಒಮ್ಮೆ ಈಚೆ, ಒಮ್ಮೆ ಆಚೆ ಏಣಿಯ ಮೆಟ್ಟಿಲಿನಂತೆ ದಾರ ಹಾಯಿಸಿ, ಕೊನೆಗೆ ಎಳೆದರೆ ತುಟಿ ಮುಚ್ಚಿದ ಹಾಗೆ ಕೂಡಿಕೊಳ್ಳುತ್ತದೆ. ಮನೆಯ ಸೂಜಿ ಮುರಿಯಿತು. ಮಾವಿನ ಮಂಡಿಗಳಲ್ಲಿ ಗೋಣಿಚೀಲ ಹೊಲಿಯುವ ದಬ್ಬಣ ತಂದೆ. ಬೆರಳುದ್ದಕ್ಕಿಂತ ಹೆಚ್ಚು, ತುದಿ ಚಪ್ಪಟೆ, ಸ್ವಲ್ಪ ಬಾಗು. ನೈಲಾನ್ ದಾರಕ್ಕೆ ಮೇಣ ಸವರಿಕೊಂಡೆ.

ರೆಗ್ಜಿನ್ ಮೊದಲು ತಡೆಯುತ್ತದೆ. ಒತ್ತಿದರೆ ಇನ್ನೂ ತಡೆಯುತ್ತದೆ. ಆಮೇಲೆ ‘ಟಪ್’ ಎಂದು ಸೋಲುತ್ತದೆ. ಆ ಸದ್ದು ಹಿತವಾಗಿದೆ. ಬೇಡದ ಕಡೆಯೂ ಒಂದೆರಡು ಸಲ ಚುಚ್ಚಿ ನೋಡಿದೆ.

ಒಂದು ಕಂದು ಬೆಕ್ಕು ಒಣಗಲು ಇಟ್ಟ ಸ್ಪಂಜಿನ ಮೇಲೆ ಮಲಗುತ್ತದೆ. ರಕ್ತದ ವಾಸನೆಗೆ ಬರುತ್ತದೆಯೋ ಏನೋ, ಕಲೆಯ ಜಾಗವನ್ನೇ ನೆಕ್ಕುತ್ತದೆ. ಎತ್ತಿ ಆಚೆ ಬಿಟ್ಟೆ.

೨೪ ಮೇ, ಶನಿವಾರ

ಕದಿರೇಶನಿಗೆ ಬೇಲ್ ಆಯಿತಂತೆ.

ಕೂಗಾಡುತ್ತಾರೆ, ಏನಾದರೂ ಒಡೆಯುತ್ತಾರೆ ಎಂದು ಕಾದೆ. ಇವರು ಸುಮ್ಮನೆ ಕುರ್ಚಿಯಲ್ಲಿ ಕೂತಿದ್ದರು. ಆಮೇಲೆ ಹೇಳಿದರು, ಕೈಗೆ ವ್ಯಾಯಾಮ ಮಾಡಿಸುವ ಆಸ್ಪತ್ರೆಗೆ ಅವನ ಅಪ್ಪ ನರಸಿಂಹಪ್ಪ ಬರುತ್ತಿದ್ದಾನಂತೆ. ದಿನವೂ ಬಂದು ಬೆಂಚಿನ ತುದಿಯಲ್ಲಿ ಕೂತು, ಏನೂ ಮಾತಾಡದೆ ಎದ್ದು ಹೋಗುತ್ತಿದ್ದನಂತೆ. ನಿನ್ನೆ ಇವರೇ ಮಾತಾಡಿಸಿದರಂತೆ.

“ಸಾಕು ಕಣೇ ಸುನಂದ,” ಎಂದರು. “ಅಷ್ಟು ಜನರ ಎದುರಿಗೆ ಆಕೆ ಹಾಲು ಚೆಲ್ಲಿದ್ದು ನನ್ನದೂ ತಪ್ಪೇ. ವಾಪಸ್ ಕಳಿಸಿದ್ರೆ ಸಾಕಿತ್ತು. ಹುಡುಗನ ಜೀವನ ಹಾಳಾಗುತ್ತೆ. ರಾಜಿ ಮಾಡ್ಕೊಳ್ಳೋಣ.”

“ನಿಮ್ಮ ಕೈ?”

“ಕೈ ಹೋಯ್ತು. ಅವನನ್ನ ಒಳಗೆ ಹಾಕಿದ್ರೆ ಬರುತ್ತಾ?”

ಇದನ್ನೇ ಅಲ್ಲವೇ ತಿಂಗಳಿಂದ ನಾನು ಹೇಳಿಕೊಂಡು ಬಂದದ್ದು? ಸಂತೋಷವಾಗಬೇಕಿತ್ತು. ಆ ಕೈಯನ್ನು ಹಿಡಿದುಕೊಂಡು “ಆಯ್ತು” ಎಂದೆ. ಇವರು ನೋವಿಗೆ ಚೀರಿದಾಗ ಬಿಟ್ಟೆ. ಗಾಯದ ಮೇಲೆ ನನ್ನ ಉಗುರಿನ ಗುರುತು ಮೂಡಿತ್ತು. ಅಷ್ಟು ಗಟ್ಟಿಯಾಗಿ ಹಿಡಿದದ್ದು ಗೊತ್ತೇ ಆಗಲಿಲ್ಲ.

ತಣ್ಣಗಿರುವುದು ನನ್ನ ಸ್ವಭಾವ. ಇವರಿಗೂ ಅದು ಬಂತಲ್ಲ, ಒಳ್ಳೆಯದು.

೨೫ ಮೇ, ಭಾನುವಾರ

ಹೊಲಿದೆ. ಇಡೀ ದಿನ ಹೊಲಿದೆ. ದಬ್ಬಣ ಹೆಬ್ಬೆರಳಿಗೆ ಹೊಕ್ಕು ಉಗುರಿನ ಪಕ್ಕದಲ್ಲಿ ಹೊರಬಂತು. ಎಳೆದು ತೆಗೆದು ಮತ್ತೆ ಹೊಲಿದೆ.

೨೮ ಮೇ, ಬುಧವಾರ

ಭಾನುವಾರ ಹೊಲಿದದ್ದನ್ನೆಲ್ಲ ಇವತ್ತು ಬಿಚ್ಚಿದೆ. ಸೀಳು ಮುಚ್ಚಿಹೋಗಿತ್ತು. ಅಲ್ಲೇನೂ ನಡೆದೇ ಇಲ್ಲವೇನೋ ಎನ್ನುವಷ್ಟು ಸಪಾಟು. ಇವರು ಬಂದು ಎಡಗೈಯಿಂದ ಸವರಿ “ಎಷ್ಟು ಚೆನ್ನಾಗಿ ಮಾಡಿದ್ದೀಯೇ, ಗೊತ್ತೇ ಆಗಲ್ಲ” ಎಂದರು. ಗೊತ್ತಾಗಬಾರದೆ? ಅವರು ಒಳಗೆ ಹೋದದ್ದೇ ಬ್ಲೇಡು ಹಾಕಿ ಎಳೆದೆ. ಈ ಸಲ ಹೊರಗಡೆಯಿಂದಲೇ ಹೊಲಿಯುತ್ತಿದ್ದೇನೆ, ಕಪ್ಪು ದಾರದಲ್ಲಿ, ಒಂದರ ಪಕ್ಕ ಒಂದು ಬಿಗಿ ಹೊಲಿಗೆ, ಜರಿಹುಳುವಿನ ಕಾಲುಗಳಂತೆ. ಕೂತವರ ಬೆನ್ನಿಗೆ ಒತ್ತಬೇಕು.

ಆ ಸಾಲು ಈಗ ಸರಿಯಾಗಿ ನೆನಪಾಯಿತು. ‘ಮರೆಯುವುದಿಲ್ಲ’ ಎಂದೇ ಇದ್ದದ್ದು. ಅನುಮಾನವೇ ಇಲ್ಲ.

ಆವಲಮ್ಮ ಹಾಲು ತಂದಿದ್ದರು. “ಏನ್ ಮೇಡಂ, ಮೊನ್ನೆ ಮುಗ್ದಿತ್ತಲ್ಲ, ಮತ್ತೆ ಕುಟ್ತಾ ಇದ್ದೀರಾ?” ಎಂದರು. ನಾನು ದಾರಕ್ಕೆ ಮೇಣ ಸವರಿದೆ. ಆಕೆ ಬಗ್ಗಿ ನೋಡಿ, “ನಿಮ್ಮ ಮುಖ ಯಾಕೋ ಸರಿಯಾಗಿಲ್ಲಮ್ಮ. ಮಾಸ್ತಿಗೆ ಹೋಗಿ ಅಮ್ಮನ ಹತ್ರ ನಾಲ್ಕು ದಿನ ಇದ್ದು ಬನ್ನಿ” ಎಂದರು. ಎಲ್ಲದಕ್ಕೂ ಬಾಯಿ ಹಾಕುವ ಹೆಂಗಸು. ಅವರ ಹಾಲಿನಲ್ಲಿ ಖಂಡಿತ ನೀರಿದೆ.

ಬೆಕ್ಕು ಎಲ್ಲಿ ಹೋಯಿತೆಂದು ಇವರು ಕೇಳಿದರು. ಇನ್ನು ಅದು ಬರುವುದಿಲ್ಲ. ಇಕ್ಕಳವನ್ನು ಚೆನ್ನಾಗಿ ತೊಳೆದಿಟ್ಟಿದ್ದೇನೆ.

೨೯ ಮೇ, ಗುರುವಾರ

ನರಸಿಂಹಪ್ಪ ಇವರಿಗೆ ಫೋನ್ ಮಾಡಿದ್ದ. ನಾಳೆ ಮಗನನ್ನು ಕಳಿಸುತ್ತಾನಂತೆ. “ಕ್ಷಮೆ ಕೇಳ್ತಾನೆ ಪಾಪ. ಕಾರಿಗೂ ಏನಾದ್ರೂ ಮಾಡಿಕೊಡ್ತಾನಂತೆ. ನೀನೂ ಒಂದು ಲೋಟ ಕಾಫಿ ಕೊಡು ಸುನಂದ, ಮುಖ ತಿರುಗಿಸ್ಬೇಡ” ಎಂದರು.

ಬರಲಿ.

೩೦ ಮೇ, ಶುಕ್ರವಾರ

ಪೊಲೀಸರು ಬರುವವರೆಗೆ ಎಲ್ಲಿಗೂ ಹೋಗಬಾರದಂತೆ. ಎಲ್ಲಿಗೆ ಹೋಗಲಿ? ಕೇಳಿದಾಗ ಹೇಳಲು ಬೇಕಾಗುತ್ತದೆ, ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ.

ಬೆಳಗ್ಗೆ ಸೀಟನ್ನು ಕಾರಿನಲ್ಲಿ ಕೂರಿಸಿಯಾಗಿತ್ತು. ಸೀಳಿನ ಕೆಳತುದಿಯಲ್ಲಿ ಒಂದಿಷ್ಟು ಬಾಕಿಯಿತ್ತು. ಅದನ್ನು ಕಾರಿನಲ್ಲೇ ಹೊಲಿಯೋಣವೆಂದು ಹಿಂದಿನ ಸೀಟಿನಲ್ಲಿ ಕೂತು ಎರಡು ಸೀಟುಗಳ ನಡುವಿನಿಂದ ಮುಂದಕ್ಕೆ ಬಗ್ಗಿದ್ದೆ. ಇವರು ಸ್ನಾನಕ್ಕೆ ಹೋಗಿದ್ದರು. ಗೇಟಿನ ಸದ್ದಾಯಿತು.

ಅವನನ್ನು ನಾನು ಫೋಟೋದಲ್ಲಿ ಮಾತ್ರ ನೋಡಿದ್ದೆ. ಇಷ್ಟು ಸಣ್ಣಗಿದ್ದಾನೆಂದು ತಿಳಿದಿರಲಿಲ್ಲ. ಕಂಕುಳಲ್ಲಿ ಪೇಪರು ಸುತ್ತಿದ ಉದ್ದನೆಯದೊಂದು. ಮೊಳದುದ್ದ. ಮಚ್ಚು ಎಷ್ಟುದ್ದ ಇರುತ್ತದೆ ಎಂದು ನನಗೆ ಗೊತ್ತು. ಸೀಟಿನ ಸೀಳನ್ನು ನನ್ನಷ್ಟು ನೋಡಿದವರು ಯಾರಿದ್ದಾರೆ?

ಡ್ರೈವರ್ ಬಾಗಿಲು ತೆರೆದೇ ಇತ್ತು. ಅವನು ಅಲ್ಲಿಗೇ ಬಂದು ನಿಂತ, ಆವತ್ತು ನಿಂತ ಹಾಗೆಯೇ.

“ಅಣ್ಣ ಇಲ್ವಾ ಮೇಡಂ?”

ನಾನು ದಾರ ಎಳೆದು ಬಿಗಿಮಾಡಿದೆ. ಅವನು ಬಗ್ಗಿ, ಒಳಗೆ ಕೈ ಚಾಚಿ, ನನ್ನ ಹೊಲಿಗೆಯ ಮೇಲೆ ಅಂಗೈಯಿಟ್ಟ. ಬಲಗೈ. ಐದೂ ಬೆರಳು ಚೆನ್ನಾಗಿ ಮಡಚುತ್ತಿದ್ದವು.

“ಇದು ಹಿಂಗಾಗಲ್ಲ ಮೇಡಂ,” ಎಂದ. “ನಾನೇ ಮುಂದೆ ನಿಂತು ಕುಟ್ಟಿಸ್ತೀನಿ. ಅಣ್ಣನಿಗೆ ಹೇಳಿ. ಚೆನ್ನಾಗಿ ಕುಟ್ಟಿಸ್ತೀನಿ.”

ನನ್ನ ಮನೆಯ ಅಂಗಳದಲ್ಲಿ ನಿಂತು, ನನ್ನ ಮುಖಕ್ಕೇ ಹೇಳಿದ. ಕೈ ಕಡಿದದ್ದು ಸಾಲದೆ ಇನ್ನು ಜನ ಕಟ್ಟಿಕೊಂಡು ಬಂದು ಕುಟ್ಟಿಸುತ್ತಾನಂತೆ. ಮುಂದೆ ನಿಂತು. ಚೆನ್ನಾಗಿ.

ದಬ್ಬಣ ನನ್ನ ಕೈಯಲ್ಲೇ ಇತ್ತು. ಅವನ ಕೈಯ ಹಿಂಬದಿಯಲ್ಲಿ ಚುಚ್ಚಿದೆ. ಮೊದಲು ತಡೆಯಿತು, ಆಮೇಲೆ ಸೋತಿತು. ಅಂಗೈ ದಾಟಿ, ರೆಗ್ಜಿನ್ ದಾಟಿ ಸ್ಪಂಜಿಗೆ ಇಳಿಯಿತು. ಅವನ ಕೈ ಸೀಟಿಗೆ ಹೊಲಿದುಹೋಯಿತು. “ಅಮ್ಮಾ” ಎಂದು ಕಿರುಚಿ ಇನ್ನೊಂದು ಕೈಯಿಂದ ನನ್ನ ರಟ್ಟೆ ಹಿಡಿದ. ಕಂಕುಳಲ್ಲಿದ್ದದ್ದು ಕಾರಿನ ಕೆಳಗೆ ಉರುಳಿತು. ಅದನ್ನು ಎತ್ತಿಕೊಳ್ಳಲು ಬಿಟ್ಟರೆ ನನ್ನ ಕತೆ ಮುಗಿಯುತ್ತದೆ ಎಂದು ತೋರಿತು. ದಬ್ಬಣ ಎಳೆದೆ; ದಾರವೂ ಅವನ ಕೈಯೊಳಗಿಂದ ಹಾದು ಬಂತು. ಕುತ್ತಿಗೆಗೆ ಚುಚ್ಚಿದೆ. ಕಿವಿಯ ಕೆಳಗೆ, ಮತ್ತೆ ಸ್ವಲ್ಪ ಕೆಳಗೆ, ಮತ್ತೆ. ಅವನ ಮಾತು ತೆಲುಗಿಗೆ ತಿರುಗಿತು. “ಒದ್ದಕ್ಕಾ, ಒದ್ದಕ್ಕಾ” ಎನ್ನುತ್ತಿದ್ದ. ಒದೆಯುತ್ತೇನೆ ಎನ್ನುತ್ತಾನೆ ಎಂದುಕೊಂಡೆ. ಕಾಲು ಮಾತ್ರ ಎತ್ತಲಿಲ್ಲ.

ಇವರು ಒದ್ದೆ ಮೈಯಲ್ಲಿ ಟವೆಲು ಸುತ್ತಿಕೊಂಡು ಓಡಿ ಬಂದರು. ನನ್ನನ್ನು ಎಡಗೈಯಿಂದ ಹೊರಗೆಳೆದು ನೆಲಕ್ಕೆ ನೂಕಿದರು. ಮದುವೆಯಾದಾಗಿನಿಂದ ಇವರು ನನ್ನ ಮೇಲೆ ಕೈ ಮಾಡಿದ್ದಿಲ್ಲ. “ಏನ್ ಮಾಡ್ದೆ? ಬೇಡಕ್ಕಾ ಬೇಡಕ್ಕಾ ಅಂತ ಬೇಡ್ಕೋತಿದ್ನಲ್ಲೇ, ಏನೇ ಮಾಡ್ದೆ?” ಎಂದು ಕೂಗಿದರು.

“ಕುಟ್ಟಿಸ್ತೀನಿ ಅಂದ,” ಎಂದೆ.

ಇವರು ನನ್ನನ್ನೇ ನೋಡಿದರು. ಟವೆಲು ಕಿತ್ತು ಅವನ ಕುತ್ತಿಗೆಗೆ ಒತ್ತಿ ಹಿಡಿದುಕೊಂಡರು. ಕಿರುಚಾಟಕ್ಕೆ ಓಡಿ ಬಂದ ಆವಲಮ್ಮ ತಮ್ಮ ಸೆರಗನ್ನೇ ಹರಿದು ಕೊಟ್ಟರು. ಕೋಲಾರದ ಆಸ್ಪತ್ರೆಗೆ ಆಂಬುಲೆನ್ಸಿನಲ್ಲಿ ಇವರೇ ಅವನ ಜೊತೆ ಹೋದರು, ಯಾರದೋ ಪಂಚೆ ಸುತ್ತಿಕೊಂಡು, ಟವೆಲು ಒತ್ತಿದ ಕೈ ತೆಗೆಯದೆ. ತಮ್ಮ ಕೈ ಕಡಿದವನ ಜೊತೆ! ಒಂದು ಸಲವೂ ತಿರುಗಿ ನೋಡಲಿಲ್ಲ.

ಅವನು ಬದುಕುತ್ತಾನೋ ಇಲ್ಲವೋ ಈಗಲೇ ಹೇಳಲಾಗದಂತೆ.

ಅಕ್ಷರ ಎಂದಿನಂತೆ ದುಂಡಗೆ ಬರುತ್ತಿದೆ. ಒಬ್ಬರು ಕುದಿಯುವಾಗ ಇನ್ನೊಬ್ಬರು ತಣ್ಣಗಿರಬೇಕು. ಕಾರಿನ ಕೆಳಗೆ ಬಿದ್ದಿರುವುದನ್ನು ನಾನು ಮುಟ್ಟಿಲ್ಲ. ಪೊಲೀಸರೇ ಬಂದು ಬಿಚ್ಚಿ ನೋಡಲಿ. ಆಗ ಎಲ್ಲರಿಗೂ ಗೊತ್ತಾಗುತ್ತದೆ.

ಬಾಗಿಲಲ್ಲಿ ಯಾರೋ.

ಆವಲಮ್ಮ. ಯಾವಾಗಲೂ ನೇರ ಅಡುಗೆಮನೆಗೇ ಬರುವವರು ಹೊಸಿಲಿನ ಆಚೆಯೇ ನಿಂತರು. ಸೀರೆಗೆ ಸೆರಗಿರಲಿಲ್ಲ, ಹೆಗಲ ಮೇಲೆ ಹಳೆಯ ಟವೆಲು ಹೊದ್ದಿದ್ದರು. ಕೈಯಲ್ಲಿ ಅವನು ತಂದದ್ದು. ಪೇಪರು ಹರಿದು ಒಳಗಿನದು ಕಾಣುತ್ತಿತ್ತು: ಬಿಗಿಯಾಗಿ ಸುತ್ತಿದ ಹೊಸ ರೆಗ್ಜಿನ್, ನಮ್ಮ ಸೀಟಿನದೇ ಬೂದು ಬಣ್ಣ. ನಾನು ಎದ್ದು ಹೋದೆ. ಆಕೆ ಅದನ್ನು ನನ್ನ ಕೈಗೆ ಕೊಡಲಿಲ್ಲ. ಬಗ್ಗಿ ಹೊಸಿಲ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ಹೇಳಿದರು:

“ಒಳಗಿಟ್ಕೊಳ್ಳಿ ಮೇಡಂ. ನಿಮಗೆ ಕುಟ್ಟೋದು ಇನ್ನೂ ಬಾಕಿ ಇದೆಯಲ್ಲ.”